ಸ್ಟೀರಿಂಗ್ ಗಟ್ಟಿಯೇ? ಪವರ್ ಕಿಟ್ ಹಾಕಿಸುವ ಮೊದಲು ಜ್ಯಾಕ್ ಎತ್ತಿ ನೋಡಿ

ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಗೆಳೆಯರೇ, ಸಂಜೆ ಗಾಡಿ ಇಳಿದ ಮೇಲೆ ಭುಜ ಹಿಡ್ಕೊಂಡು ಕೂರ್ತೀರಾ? ಹಾಗಾದ್ರೆ ಈ ವಾರದ ಬರಹ ನಿಮಗೇ.

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಅಡಿಕೆ ತೋಟದಲ್ಲಿ ಸಾಮಾನ್ಯವಾಗಿ 9 ಅಡಿಗೆ 9 ಅಡಿ ಅಂತರ. ಚೌಕವಾಗಿರುವ ಒಂದು ಎಕರೆಯ ಒಂದೊಂದು ಬದಿ ಸುಮಾರು 208 ಅಡಿ. ಅಂದ್ರೆ ಹತ್ತಿರ ಹತ್ತಿರ 22 ಓಣಿ. ಒಂದು ಸಲ ಕಳೆ ಹೊಡೆದು ಮುಗಿಸುವಷ್ಟರಲ್ಲಿ 20ಕ್ಕೂ ಹೆಚ್ಚು ಸಲ ಸಾಲಿನ ಕೊನೆಯಲ್ಲಿ ಸ್ಟೀರಿಂಗ್ ಪೂರ್ತಿ ಎಳೆದು, ಮತ್ತೆ ನೇರ ಮಾಡಬೇಕು. ನಾಲ್ಕು ಎಕರೆಗೆ 80 ಸಲ ದಾಟುತ್ತೆ. ಹಸಿ ನೆಲದಲ್ಲಿ, ನಿಧಾನದಲ್ಲಿ, ಇಕ್ಕಟ್ಟಿನಲ್ಲಿ. ಭುಜ ನೋಯದೆ ಇನ್ನೇನಾಗುತ್ತೆ?

ಅದಕ್ಕೇ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಪವರ್ ಸ್ಟೀರಿಂಗ್ ಕಿಟ್ ಹಾಕಿಸಿಬಿಡು." ಹಾಕಿಸಬಹುದು, ತಪ್ಪೇನಿಲ್ಲ. ಆದರೆ ನಾನು ಮಾಡಿದ ಹಾಗೆ ಮಾಡಬೇಡಿ.

ನಮ್ಮ ಗಾಡಿಯ ಕಥೆ

ನಮ್ಮದು ಚನ್ನಗಿರಿ ಕಡೆ ನಾಲ್ಕು ಎಕರೆ ಅಡಿಕೆ. ಗಾಡಿ ಹಳೇದು, 20 ಎಚ್‌ಪಿ ಆಸುಪಾಸಿನದು, ಕೈ ಸ್ಟೀರಿಂಗ್. ಒಂದು ಮಳೆಗಾಲದ ಕೊನೆಗೆ ಅಪ್ಪ, "ಇದನ್ನ ಮಾರಿಬಿಡೋಣ ಕಣಪ್ಪಾ, ಇನ್ನು ನನ್ನ ಕೈಲಾಗಲ್ಲ" ಅಂದ್ರು. ಅವರಿಗೆ ಬಲಗೈ ತಲೆಗಿಂತ ಮೇಲೆ ಏಳ್ತಿರಲಿಲ್ಲ. ನಾನು ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ, ಪೇಟೆಯ ಒಂದು ಗ್ಯಾರೇಜಿನಲ್ಲಿ ಎರಡೇ ದಿನದಲ್ಲಿ ಕಿಟ್ ಹಾಕಿಸಿದೆ. ಒಂದೇ ಬೆರಳಲ್ಲಿ ಸ್ಟೀರಿಂಗ್ ತಿರುಗಿತು. ಅಪ್ಪ ನಕ್ಕರು. ನನಗೂ ಹೆಮ್ಮೆ.

ಮೂರನೇ ತಿಂಗಳು. ಗೊನೆ ತುಂಬಿದ ಟ್ರೇಲರ್ ಎಳ್ಕೊಂಡು ಕೆರೆ ಏರಿ ಮೇಲೆ ಬರ್ತಿದ್ದೆ. ತಿರುವಿನಲ್ಲಿ ಸ್ಟೀರಿಂಗ್ ಎಳೆದೆ. ಸ್ಟೀರಿಂಗ್ ತಿರುಗಿತು, ಚಕ್ರ ತಿರುಗಲಿಲ್ಲ. ಕಾಲಿನ ಹತ್ತಿರ ಬಿಸಿ ಆಯಿಲ್ ಚಿಮ್ಮಿತು. ಎರಡನೇ ಗೇರ್‌ನಲ್ಲಿದ್ದೆ, ಬ್ರೇಕ್ ಒತ್ತಿ ಹಿಡಿದೆ. ಮುಂದಿನ ಚಕ್ರ ಏರಿಯ ಅಂಚಿನ ಕಲ್ಲಿಗೆ ತಾಗಿ ನಿಂತಿತು. ಆ ಕಡೆ ನೀರು. ಹಿಂದೆ ಗೊನೆಗಳ ಮೇಲೆ ಗೊನೆ ಕೀಳೋ ಹುಡುಗರು ಇಬ್ಬರು ಕೂತಿದ್ದರು. ಟ್ರೇಲರ್ ಮೇಲೆ ಅವರನ್ನು ಕೂರಿಸಿಕೊಂಡಿದ್ದೇ ನನ್ನ ಮೊದಲ ತಪ್ಪು.

ಸಿಲಿಂಡರಿಗೆ ಹೋಗುವ ಹೋಸ್ ಪೈಪಿನ ತುದಿ, ಸರಿಯಾಗಿ ಪ್ರೆಸ್ ಆಗದ ಫಿಟಿಂಗಿನಿಂದ ಕಿತ್ತುಕೊಂಡಿತ್ತು. ಗಾಡಿ ತರಲು ಬಂದ ಪಕ್ಕದೂರಿನ ಹಿರಿಯ ಮೆಕ್ಯಾನಿಕ್ ಹೊಸ ಪೈಪ್ ಹಾಕಲಿಲ್ಲ. ಮುಂಭಾಗಕ್ಕೆ ಜ್ಯಾಕ್ ಕೊಟ್ಟು ಎತ್ತಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಎಡ ಚಕ್ರ ಗಾಳಿಯಲ್ಲಿದ್ದರೂ ಅಲುಗಲಿಲ್ಲ. ಕಿಂಗ್ ಪಿನ್ನಿನ ಗ್ರೀಸ್ ನಿಪ್ಪಲ್ ಮಣ್ಣಿನಿಂದ ಮುಚ್ಚಿಹೋಗಿತ್ತು. ಒಳಗೆ ಥ್ರಸ್ಟ್ ಬೇರಿಂಗ್ ಪುಡಿಪುಡಿ.

"ತಮ್ಮಾ, ಗಾಡಿಗೆ ಕಾಲು ನೋವು. ನೀನು ಕೈಗೆ ಔಷಧಿ ಹಚ್ಚಿದ್ದೀಯ" ಅಂದ್ರು.

ಈ ಬರಹದ ಸಾರವೆಲ್ಲ ಆ ಮಾತಿನಲ್ಲೇ ಇದೆ. ಪವರ್ ಸ್ಟೀರಿಂಗ್ ರೋಗ ವಾಸಿ ಮಾಡಲ್ಲ, ಮರೆಮಾಡುತ್ತೆ. ಜಾಮ್ ಆದ ಕಿಂಗ್ ಪಿನ್ನನ್ನು ತಿರುಗಿಸಲು ಆಯಿಲ್ ಪ್ರೆಷರ್ ಏರುತ್ತಾ ಹೋಗುತ್ತೆ. ನಿಮ್ಮ ಕೈಗೆ ಅದು ಗೊತ್ತಾಗಲ್ಲ. ಕೊನೆಗೆ ಎಲ್ಲಿ ಬಲ ಕಡಿಮೆಯೋ ಅಲ್ಲಿ ಕಿತ್ಕೊಂಡು ಹೋಗುತ್ತೆ.

ಜ್ಯಾಕ್ ಪರೀಕ್ಷೆ: ಅರ್ಧ ಗಂಟೆ, ಖರ್ಚಿಲ್ಲ

ಸಮತಟ್ಟು ನೆಲ, ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮುಂಭಾಗ ಎತ್ತಿದ ಮೇಲೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಇಡಿ. ಜ್ಯಾಕ್ ಒಂದನ್ನೇ ನಂಬಬೇಡಿ. ಆಕ್ಸಲ್ ಅತ್ತಿತ್ತ ವಾಲದ ಹಾಗೆ ಎರಡೂ ಬದಿಗೆ ಮರದ ತುಂಡು ಸಿಗಿಸಿ.

1. ಎರಡೂ ಚಕ್ರ ಗಾಳಿಯಲ್ಲಿರುವಾಗ ಸ್ಟೀರಿಂಗ್ ತಿರುಗಿಸಿ. ಹಗುರವಾಗಿದ್ದರೆ ಕಿಂಗ್ ಪಿನ್, ಸ್ಟೀರಿಂಗ್ ಬಾಕ್ಸ್ ಸರಿಯಿವೆ. ನೆಲದ ಮೇಲೆ ಮಾತ್ರ ಗಟ್ಟಿ ಅಂದ್ರೆ ಮುಂದಿನ ಟೈರಿನ ಗಾಳಿ, ಮುಂದಿನ ತೂಕ ನೋಡಿ.
2. ಎತ್ತಿದರೂ ಗಟ್ಟಿಯಾಗಿದ್ದರೆ ಡ್ರ್ಯಾಗ್ ಲಿಂಕ್ ಬಿಚ್ಚಿ, ಸ್ಟೀರಿಂಗ್ ಮಾತ್ರ ತಿರುಗಿಸಿ. ಈಗಲೂ ಗಟ್ಟಿಯಾದರೆ ದೋಷ ಸ್ಟೀರಿಂಗ್ ಬಾಕ್ಸ್ ಅಥವಾ ಕಾಲಂನಲ್ಲಿದೆ. ಬಾಕ್ಸಿನಲ್ಲಿ ಆಯಿಲ್ ಇದೆಯಾ, ಅಡ್ಜಸ್ಟ್ ಸ್ಕ್ರೂವನ್ನು ಯಾರಾದರೂ ಅತಿಯಾಗಿ ಬಿಗಿ ಮಾಡಿದ್ದಾರಾ ನೋಡಿಸಿ.
3. ಸ್ಟೀರಿಂಗ್ ಹಗುರಾಯ್ತು ಅಂದ್ರೆ ಟೈ ರಾಡ್ ಸಹ ಬಿಚ್ಚಿ, ಒಂದೊಂದೇ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಯಾವ ಕಡೆ ಗಟ್ಟಿಯೋ ಆ ಕಡೆಯ ಕಿಂಗ್ ಪಿನ್ನೇ ಕಳ್ಳ.
4. ಎಲ್ಲ ಮತ್ತೆ ಜೋಡಿಸಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಅತ್ತಿತ್ತ ಅಲ್ಲಾಡಿಸಲಿ. ನೀವು ಒಂದೊಂದು ಜಾಯಿಂಟಿನ ಹತ್ತಿರ ಫೋನ್ ಹಿಡಿದು ಸ್ಲೋ ಮೋಷನ್ ವಿಡಿಯೋ ಮಾಡಿ. ಬರಿಗಣ್ಣಿಗೆ ಕಾಣದ ಪ್ಲೇ ಅದರಲ್ಲಿ ಕಾಣುತ್ತೆ.

ಇನ್ನೊಂದು ವಿಷಯ. ಗ್ರೀಸ್ ಹೊಡೆಯುವಾಗಲೂ ಚಕ್ರ ಎತ್ತಿ ಹೊಡೆಯಿರಿ. ಗಾಡಿಯ ತೂಕ ಕಿಂಗ್ ಪಿನ್ ಮೇಲೆ ಕೂತಿದ್ದರೆ, ಭಾರ ಹೊರುವ ಜಾಗಕ್ಕೆ ಗ್ರೀಸ್ ಸರಿಯಾಗಿ ಹೋಗಲ್ಲ. ನಿಪ್ಪಲ್ ಬ್ಲಾಕ್ ಆಗಿದ್ದರೆ ಬದಲಿಸಿ, ತೀರಾ ಅಗ್ಗದ ಸಾಮಾನು ಅದು.

ಫೋರ್ ವೀಲ್ ಡ್ರೈವ್ ಗಾಡಿಯವರು ಇನ್ನೊಂದು ನೋಡಬೇಕು. ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸ್ತಿದ್ದೀರಾ? ಮುಂದಿನ ಚಕ್ರಗಳು ಹಿಂದಿನದಕ್ಕಿಂತ ಸ್ವಲ್ಪ ಮುಂದಕ್ಕೆ ಎಳೆಯುವ ಹಾಗೆ ಗೇರ್ ಇರುತ್ತೆ. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತೆ. ಡಾಂಬರಿನ ಮೇಲೆ ಜಾರಲ್ಲ, ಸ್ಟೀರಿಂಗ್ ಗಟ್ಟಿಯಾಗುತ್ತೆ, ಟೈರೂ ಸವೆಯುತ್ತೆ. ರಸ್ತೆಗೆ ಬಂದ ತಕ್ಷಣ ಲಿವರ್ ತೆಗೆಯಿರಿ.

ಓಡಿಸುವ ರೀತಿಯಿಂದಲೂ ಎಷ್ಟೋ ಹಗುರಾಗುತ್ತೆ. ನಿಂತ ಗಾಡಿಯಲ್ಲಿ ಸ್ಟೀರಿಂಗ್ ಎಳೆಯಬೇಡಿ, ಚಕ್ರ ಸ್ವಲ್ಪ ಉರುಳಲಿ. ಸಾಲಿನ ಕೊನೆಯಲ್ಲಿ ನಿಧಾನಕ್ಕೆ ತಿರುಗುವಾಗ ತಿರುಗುವ ಕಡೆಯ ಬ್ರೇಕ್ ಮಾತ್ರ ಒತ್ತಿ. ರಸ್ತೆಗೆ ಬಂದಾಗ ಮಾತ್ರ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಲೇಬೇಕು.

ನಮ್ಮ ಗಾಡಿಗೆ ಎರಡೂ ಕಡೆ ಕಿಂಗ್ ಪಿನ್, ಬುಷ್, ಬೇರಿಂಗ್ ಹೊಸದು ಹಾಕಿಸಿ, ಹಳೇ ಸ್ಟೀರಿಂಗ್ ಬಾಕ್ಸನ್ನೇ ಮತ್ತೆ ಕೂರಿಸಿ ಒಂದು ತಿಂಗಳು ಓಡಿಸಿದೆವು. ಒಣ ನೆಲದಲ್ಲಿ ಅಪ್ಪನಿಗೂ ಸಲೀಸು. ಆದರೆ ಮಳೆಗಾಲದ ಹಸಿಯಲ್ಲಿ, ಮುಂದೆ ಔಷಧಿ ಟ್ಯಾಂಕ್ ಕಟ್ಟಿಕೊಂಡಾಗ ಕಷ್ಟವೇ. ಹಾಗಾಗಿ ಪವರ್ ಸ್ಟೀರಿಂಗ್ ಮತ್ತೆ ಹಾಕಿಸಿದೆ. ಈ ಸಲ ತಿಳ್ಕೊಂಡು.

ಇದು ಕೆಲಸ ಮಾಡೋದು ಹೇಗೆ?

ಟ್ರ್ಯಾಕ್ಟರಿಗೆ ಹಾಕುವ ಹೆಚ್ಚಿನ ಕಿಟ್‌ಗಳು ಹೈಡ್ರೋಸ್ಟ್ಯಾಟಿಕ್. ಸ್ಟೀರಿಂಗ್ ಕೆಳಗೆ ಒಂದು ಆರ್ಬಿಟಲ್ ಯೂನಿಟ್ ಕೂರುತ್ತೆ. ಹಳೇ ಮೆಕ್ಯಾನಿಕ್‌ಗಳು ಇದನ್ನು 'ಆರ್ಬಿಟ್ರೋಲ್' ಅಂತಾರೆ, ಅದು ಅಮೆರಿಕದ ಚಾರ್-ಲಿನ್ ಕಂಪನಿ ಇಟ್ಟ ಹೆಸರು. ನೀವು ಸ್ಟೀರಿಂಗ್ ಎಷ್ಟು ತಿರುಗಿಸ್ತೀರೋ ಅಷ್ಟೇ ಆಯಿಲನ್ನು ಅದು ಅಳೆದು ಸಿಲಿಂಡರಿಗೆ ಕಳಿಸುತ್ತೆ. ಸಿಲಿಂಡರ್ ಚಕ್ರವನ್ನು ತಳ್ಳುತ್ತೆ.

ಗಮನಿಸಿ: ಇಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ. ನಡುವೆ ಇರೋದು ಆಯಿಲ್ ಮಾತ್ರ. ಎಂಜಿನ್ ಆಫ್ ಆದರೆ, ಒಳಗೆ ಅದಕ್ಕೆ ಬೇಕಾದ ಚೆಕ್ ವಾಲ್ವ್ ಇರುವ ಯೂನಿಟ್ ಕೈ ಪಂಪಿನ ಹಾಗೆ ಕೆಲಸ ಮಾಡುತ್ತೆ, ಗಟ್ಟಿಯಾದರೂ ಚಕ್ರ ತಿರುಗುತ್ತೆ. ಪೈಪ್ ಒಡೆದರೆ ಮಾತ್ರ ಏನೂ ಇಲ್ಲ. ಕೆರೆ ಏರಿ ಮೇಲೆ ನನಗಾಗಿದ್ದು ಅದೇ.

ನಿಮ್ಮ ಮುಂದಿರುವ ದಾರಿಗಳು

*ಕಂಪನಿ ಸಾಮಾನು:* ನಿಮ್ಮ ಮಾಡೆಲ್‌ನಲ್ಲೇ ಪವರ್ ಸ್ಟೀರಿಂಗ್ ಇರುವ ಗಾಡಿಯೂ ಮಾರಾಟದಲ್ಲಿದೆಯಾ ಅಂತ ಮೊದಲು ಡೀಲರ್ ಹತ್ತಿರ ಕೇಳಿ. ಇದ್ದರೆ ಅದರ ಆಕ್ಸಲ್, ಸಿಲಿಂಡರ್, ಪಂಪ್ ನಿಮ್ಮ ಗಾಡಿಗೆ ಕೂರುವ ಸಾಧ್ಯತೆ ಹೆಚ್ಚು. ಸ್ವಲ್ಪ ದುಬಾರಿಯಾದರೂ ಬ್ರಾಕೆಟ್ ವೆಲ್ಡಿಂಗ್ ತಲೆನೋವು ತಪ್ಪುತ್ತೆ.

*ಹೊರಗಿನ ಹೈಡ್ರಾಲಿಕ್ ಕಿಟ್:* ಆರ್ಬಿಟಲ್, ಸಿಲಿಂಡರ್, ಪಂಪ್, ಟ್ಯಾಂಕ್, ಪೈಪ್. ಬಹಳ ಜನ ಮಾಡಿಸೋದು ಇದನ್ನೇ. ಚೆನ್ನಾಗಿ ಕೂರಿಸಿದರೆ ವರ್ಷಗಟ್ಟಲೆ ಬಾಳುತ್ತೆ.

*ಕಾರಿನ ಎಲೆಕ್ಟ್ರಿಕ್ ಸ್ಟೀರಿಂಗ್:* ಗುಜರಿಯಿಂದ ಕಾರಿನ ಇಪಿಎಸ್ ಕಾಲಂ ತಂದು ಕೂರಿಸೋದು. ಹಳೇ ಸ್ಟೀರಿಂಗ್ ಬಾಕ್ಸ್ ಹಾಗೇ ಉಳಿಯೋದರಿಂದ ಕರೆಂಟ್ ಹೋದರೂ ಕೈಯಲ್ಲಿ ತಿರುಗಿಸಬಹುದು, ಇದು ದೊಡ್ಡ ಲಾಭ. ಆದರೆ ಮೋಟಾರಿನ ಬಲವೆಲ್ಲ ಹಳೇ ಬಾಕ್ಸಿನ ಹಲ್ಲುಗಳ ಮೂಲಕವೇ ಹೋಗಬೇಕು. ಜೋರಾಗಿ ತಿರುಗಿಸುವಾಗ ಅದು ಹತ್ತಾರು ಆಂಪಿಯರ್ ಎಳೆಯುತ್ತೆ. ಸಣ್ಣ ಆಲ್ಟರ್ನೇಟರ್ ಇರುವ ಮಿನಿ ಟ್ರ್ಯಾಕ್ಟರಿನ ಬ್ಯಾಟರಿ ಸೋಲುತ್ತೆ. ಕಾರಿನೊಳಗೆ ಇರಲೆಂದು ಮಾಡಿದ ಯೂನಿಟ್ಟಿಗೆ ತೋಟದ ನೀರು, ಧೂಳು ಒಗ್ಗಲ್ಲ. ಎಲೆಕ್ಟ್ರಿಕಲ್ ಕೆಲಸ ಬಲ್ಲವರಿಗೆ ಮಾತ್ರ ಇದು.

ಆಯಿಲ್ ಎಲ್ಲಿಂದ ತಗೋತೀರಿ?

ಗಾಡಿಯ ಲಿಫ್ಟ್ ಪಂಪಿನಿಂದಲೇ ಆಯಿಲ್ ತಗೊಂಡರೆ ಖರ್ಚು ಕಡಿಮೆ ಅಂತ ಗ್ಯಾರೇಜಿನವರು ಹೇಳ್ತಾರೆ. ಒಪ್ಪುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು ಲಿಫ್ಟ್ ಲಿವರ್ ಎತ್ತಿ. ಲಿಫ್ಟ್ ಏಳಲಿಲ್ಲ ಅಂದ್ರೆ ಪಂಪ್ ಕ್ಲಚ್ಚಿನ ಆಚೆ ಇದೆ. ಅಂಥ ಗಾಡಿಯಲ್ಲಿ ಕ್ಲಚ್ ಒತ್ತಿದ ಕ್ಷಣ ಸ್ಟೀರಿಂಗಿನ ಪವರೂ ಹೋಗುತ್ತೆ. ಇಳಿಜಾರಿನಲ್ಲಿ ಗೇರ್ ಬದಲಿಸುವಾಗ ಹೀಗಾದರೆ? ಅಂಥ ಗಾಡಿಗೆ ಎಂಜಿನ್ನಿನಿಂದ ನೇರ ತಿರುಗುವ ಬೇರೆ ಪಂಪೇ ಬೇಕು.

ಕ್ಲಚ್ ಒತ್ತಿದಾಗಲೂ ಲಿಫ್ಟ್ ಎದ್ದರೆ ಅದೇ ಪಂಪ್ ಬಳಸಬಹುದು, ಆದರೆ ನಡುವೆ ಪ್ರಯಾರಿಟಿ ವಾಲ್ವ್ ಇರಲೇಬೇಕು. ಮೊದಲು ಸ್ಟೀರಿಂಗಿಗೆ ಬೇಕಾದಷ್ಟು, ಉಳಿದದ್ದು ಲಿಫ್ಟಿಗೆ. ಇದಿಲ್ಲದಿದ್ದರೆ ಲಿಫ್ಟ್ ಎತ್ತುವಾಗ ಸ್ಟೀರಿಂಗ್ ಗಟ್ಟಿಯಾಗಬಹುದು. ಲಿಫ್ಟಿಗೂ ಗೇರ್ ಬಾಕ್ಸಿಗೂ ಒಂದೇ ಆಯಿಲ್ ಇರುವ ಗಾಡಿಯಾದರೆ ಒಳ್ಳೇ ಫಿಲ್ಟರ್ ಬೇಕು. ಗೇರಿನ ಪುಡಿ ಆರ್ಬಿಟಲ್ ಒಳಗೆ ಹೋದರೆ ಅದರ ಕಥೆ ಮುಗೀತು.

ಅಳತೆಯ ಲೆಕ್ಕ: ಒಮ್ಮೆ ಕೂತು ಮಾಡಿ

ಉದಾಹರಣೆಗೆ, ಎರಡೂ ಕಡೆ ರಾಡ್ ಇರುವ ಸಿಲಿಂಡರ್ ತಗೊಳ್ಳಿ. ಬೋರ್ 40 ಎಂಎಂ, ರಾಡ್ 20 ಎಂಎಂ, ಸ್ಟ್ರೋಕ್ 150 ಎಂಎಂ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಸುಮಾರು 141 ಸಿಸಿ ಆಯಿಲ್ ಬೇಕು.

- 40 ಸಿಸಿ ಆರ್ಬಿಟಲ್ ಹಾಕಿದರೆ: 141 ÷ 40 = ಸುಮಾರು ಮೂರೂವರೆ ಸುತ್ತು. ತೋಟಕ್ಕೂ ರಸ್ತೆಗೂ ಹಿತ.
- 80 ಸಿಸಿ ಹಾಕಿದರೆ: ಎರಡು ಸುತ್ತಿಗೂ ಕಡಿಮೆ. ಕೈ ಸ್ವಲ್ಪ ಅಲುಗಿದರೂ ಗಾಡಿ ಅಡ್ಡ ಹೋಗುತ್ತೆ. ಎಂಜಿನ್ ಆಫ್ ಆದಾಗಲೂ ಭಾರಿ ಗಟ್ಟಿ.

ಒಂದೇ ಕಡೆ ರಾಡ್ ಇರುವ ಸಿಲಿಂಡರ್ ಅಗ್ಗ. ಆದರೆ ಅದೇ ಅಳತೆಯಲ್ಲಿ ಒಂದು ಕಡೆಗೆ 188 ಸಿಸಿ, ಇನ್ನೊಂದು ಕಡೆಗೆ 141 ಸಿಸಿ ಬೇಕು. ಅಂದ್ರೆ ಒಂದು ಕಡೆಗೆ ನಾಲ್ಕೂ ಮುಕ್ಕಾಲು ಸುತ್ತು, ಇನ್ನೊಂದು ಕಡೆಗೆ ಮೂರೂವರೆ. ಕೆಲವರಿಗೆ ರೂಢಿಯಾಗುತ್ತೆ, ಆದರೂ ಗೊತ್ತಿದ್ದು ಕೊಳ್ಳಿ.

ಪಂಪ್ ಲೆಕ್ಕವೂ ಸುಲಭ. ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿದರೆ 40 ಸಿಸಿ ಯೂನಿಟ್ಟಿಗೆ ನಿಮಿಷಕ್ಕೆ 2.4 ಲೀಟರ್ ಬೇಕು. ಸುತ್ತಿಗೆ 4 ಸಿಸಿ ಕೊಡುವ ಪಂಪ್, ಎಂಜಿನ್ 800 ಆರ್‌ಪಿಎಂ ಐಡಲ್‌ನಲ್ಲಿರುವಾಗ ಅದೇ ವೇಗದಲ್ಲಿ ತಿರುಗಿದರೆ 3.2 ಲೀಟರ್ ಸಿಗುತ್ತೆ. ಸಾಕು. ಅದೇ ಪಂಪ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವ ಜಾಗದಲ್ಲಿ ಕೂತರೆ 1.6 ಲೀಟರ್ ಮಾತ್ರ. ಆಗ ಸಾಲಿನ ಕೊನೆಯಲ್ಲಿ, ಐಡಲ್‌ನಲ್ಲಿ, ಬೇಕಾದ ಹೊತ್ತಿಗೇ ಸ್ಟೀರಿಂಗ್ ಗಟ್ಟಿ.

ಈ ಸಿಲಿಂಡರಿನ ಬಲ ಎಷ್ಟು ಗೊತ್ತಾ? 80 ಬಾರ್ ಪ್ರೆಷರಿನಲ್ಲಿ 750 ಕೆಜಿಗೂ ಹೆಚ್ಚು. ನಿಮ್ಮ ಕೈಯ ಬಲಕ್ಕೆ ಅಂತ ಮಾಡಿದ ಹಳೇ ಟೈ ರಾಡನ್ನು ಬಗ್ಗಿಸಲು ಅಷ್ಟು ಸಾಕು. ಅದಕ್ಕೇ ರಿಲೀಫ್ ವಾಲ್ವ್ ಎಷ್ಟಕ್ಕೆ ಸೆಟ್ ಮಾಡಿದ್ದಾರೆ ಅಂತ ಕೇಳಿ, ಗೇಜ್ ಹಾಕಿಸಿ ನೋಡಿ. "ಜಾಸ್ತಿ ಇದ್ರೆ ಒಳ್ಳೇದು" ಅನ್ನೋ ಮಾತು ಒಪ್ಪಬೇಡಿ.

ಕೂರಿಸುವಾಗ ನೀವೇ ನಿಂತು ನೋಡಬೇಕಾದ್ದು

- ಬಿಚ್ಚುವ ಮೊದಲು ಎಲ್ಲಾ ಕಡೆಯಿಂದ ಫೋಟೋ ತೆಗೀರಿ. ಬಿಚ್ಚಿದ ಹಳೇ ಬಾಕ್ಸ್, ಲಿಂಕ್ ಮನೆಗೆ ತನ್ನಿ, ಗುಜರಿಗೆ ಬಿಡಬೇಡಿ. ನನಗೆ ಮತ್ತೆ ಬೇಕಾಗಿದ್ದು ಅದೇ.
- ಸಿಲಿಂಡರಿನ ಒಂದು ತುದಿ ಚಾಸಿಗೆ, ಇನ್ನೊಂದು ಚಕ್ರದ ಆರ್ಮಿಗೆ ಕೂರಿಸಬಾರದು. ಬದು ಹತ್ತುವಾಗ ಆಕ್ಸಲ್ ವಾಲುತ್ತೆ, ಆಗ ಚಕ್ರ ತಾನಾಗೇ ತಿರುಗುತ್ತೆ. ಸಿಲಿಂಡರಿನ ಹಿಡಿತ ಆಕ್ಸಲ್ ಮೇಲೇ ಇರಲಿ.
- ಎಡಕ್ಕೊಂದು ಬಲಕ್ಕೊಂದು ಡ್ರ್ಯಾಗ್ ಲಿಂಕ್ ಇರುವ ಗಾಡಿಯಲ್ಲಿ, ಬಾಕ್ಸ್ ತೆಗೆದ ಮೇಲೆ ಎರಡೂ ಚಕ್ರ ಸೇರಿಸುವ ಟೈ ರಾಡ್ ಬೇಕೇ ಬೇಕು. ಆಮೇಲೆ ಟೋ-ಇನ್ ಅಳತೆ ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಸೆಟ್ ಮಾಡಿಸಿ.
- ಎರಕದ ಆಕ್ಸಲ್ ಮೇಲೆ ವೆಲ್ಡಿಂಗ್ ಬೇಡ, ಬಿರುಕು ಬಿಡುತ್ತೆ. ಬೋಲ್ಟ್ ಹಾಕಿ ಬಿಗಿಯುವ ಕ್ಲಾಂಪ್ ಬ್ರಾಕೆಟ್ ಮಾಡಿಸಿ. ಬೇರೆಲ್ಲೇ ವೆಲ್ಡ್ ಮಾಡಿದರೂ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ.
- ಚಕ್ರ ಪೂರ್ತಿ ತಿರುಗಿದಾಗ ಆಕ್ಸಲ್ಲಿನ ಸ್ಟಾಪರ್ ತಾಗಬೇಕು. ಆಗಲೂ ಸಿಲಿಂಡರಿನಲ್ಲಿ ಕೆಲವು ಎಂಎಂ ಸ್ಟ್ರೋಕ್ ಉಳಿದಿರಬೇಕು.
- ಪ್ರೆಷರ್ ಲೈನಿಗೂ ಸಿಲಿಂಡರಿನ ಎರಡು ಲೈನಿಗೂ ತಂತಿ ಹೆಣೆದ ಹೈಡ್ರಾಲಿಕ್ ಹೋಸ್ ಮಾತ್ರ. ತುದಿಗಳನ್ನು ಪ್ರೆಸ್ ಮಷಿನ್ನಿನಲ್ಲೇ ಮಾಡಿಸಿ. ಕ್ಲಿಪ್ ಹಾಕಿ ಬಿಗಿಯೋದು ನಡೆಯಲ್ಲ. ಸೈಲೆನ್ಸರಿನಿಂದ ದೂರ, ಆಕ್ಸಲ್ ಪೂರ್ತಿ ವಾಲಿದರೂ ಬಿಗಿಯಾಗದಷ್ಟು ಸಡಿಲ ಇರಲಿ.
- ಆರ್ಬಿಟಲ್ ಮೇಲೆ ಪಿ, ಟಿ, ಎಲ್, ಆರ್ ಅಂತ ಗುರುತು ಇರುತ್ತೆ: ಪಂಪ್, ಟ್ಯಾಂಕ್, ಎಡ, ಬಲ. ಅದಲು ಬದಲಾಗಬಾರದು.

ಮೊದಲ ಸ್ಟಾರ್ಟ್

ಮುಂಭಾಗ ಎತ್ತಿಯೇ ಸ್ಟಾರ್ಟ್ ಮಾಡಿ. ಐಡಲ್‌ನಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ 8-10 ಸಲ ತಿರುಗಿಸಿ, ಏರ್ ಹೋಗುತ್ತೆ. ಮಧ್ಯೆ ಆಯಿಲ್ ಲೆವೆಲ್ ನೋಡಿ ತುಂಬಿ. ನೊರೆ ಇದ್ದರೆ ಏರ್ ಇನ್ನೂ ಇದೆ. ಬಲಕ್ಕೆ ತಿರುಗಿಸಿದಾಗ ಚಕ್ರ ಎಡಕ್ಕೆ ಹೋದರೆ ಎಲ್, ಆರ್ ಪೈಪ್ ಬದಲಾಗಿವೆ, ಗಾಡಿ ಇಳಿಸುವ ಮೊದಲೇ ಸರಿಮಾಡಿ. ಕೊನೆ ಮುಟ್ಟಿದ ಮೇಲೆ ಸ್ಟೀರಿಂಗನ್ನು ಒತ್ತಿ ಹಿಡಿಯಬೇಡಿ, ಆಯಿಲ್ ಕಾಯುತ್ತೆ.

ಲೀಕ್ ಇದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಬೇಡಿ. ಸೂಜಿ ತೂತಿನಿಂದ ಬರುವ ಹೈ ಪ್ರೆಷರ್ ಆಯಿಲ್ ಚರ್ಮದೊಳಗೆ ನುಗ್ಗುತ್ತೆ. ಹಾಗಾದರೆ ನೋವು ಕಡಿಮೆ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ.

ಖಾಲಿ ಬಯಲಿನಲ್ಲಿ ನಿಧಾನಕ್ಕೆ ಓಡಿಸಿ. ಆಮೇಲೆ ನಿಂತ ಜಾಗದಲ್ಲಿ ಎಂಜಿನ್ ಆಫ್ ಮಾಡಿ ಸ್ಟೀರಿಂಗ್ ತಿರುಗಿಸಿ ನೋಡಿ. ಎಷ್ಟು ಗಟ್ಟಿಯಾಗುತ್ತೆ ಅಂತ ಕೈಗೆ ಮೊದಲೇ ಗೊತ್ತಿರಲಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರೂ ಒಮ್ಮೆ ಹೀಗೆ ಮಾಡಿ ನೋಡಲಿ. ನೇರ ಹೋಗುವಾಗ ಸ್ಟೀರಿಂಗಿನ ಕಡ್ಡಿಗಳು ದಿನಕ್ಕೊಂದು ಕಡೆ ನಿಲ್ಲಬಹುದು. ಒಳಗೆ ಸ್ವಲ್ಪ ಆಯಿಲ್ ಜಾರೋದರಿಂದ ಹಾಗಾಗುತ್ತೆ, ಗಾಬರಿ ಬೇಡ.

ದುಡ್ಡು ಮತ್ತು ಕಾಗದ

ಕಿಟ್ಟಿನ ರೇಟಿಗೂ ಕೊನೆಯ ಬಿಲ್ಲಿಗೂ ತುಂಬ ವ್ಯತ್ಯಾಸ ಬರುತ್ತೆ. ಬ್ರಾಕೆಟ್, ಲೇಥ್ ಕೆಲಸ, ಹೋಸ್, ಆಯಿಲ್, ಫಿಲ್ಟರ್, ಕಿಂಗ್ ಪಿನ್ ಸೆಟ್, ಕೂಲಿ ಎಲ್ಲಾ ಬರೆದು ಎರಡು-ಮೂರು ಕಡೆ ಕೊಟೇಶನ್ ತಗೊಳ್ಳಿ. ಮೊತ್ತ ಜಾಸ್ತಿ ಅನ್ನಿಸಿದರೆ, ಹಳೇ ಗಾಡಿ ಕೊಟ್ಟು ಪವರ್ ಸ್ಟೀರಿಂಗ್ ಇರೋದನ್ನೇ ತಗೊಂಡರೆ ಎಷ್ಟಾಗುತ್ತೆ ಅಂತ ಪಕ್ಕದಲ್ಲಿ ಬರೆದು ನೋಡಿ.

ವಾರಂಟಿ ಇರುವ ಗಾಡಿಯಾದರೆ ಡೀಲರ್‌ನ ಕೇಳದೆ ಮುಟ್ಟಬೇಡಿ. ವಾಹನದ ಮಾರ್ಪಾಡಿನ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ನಿಮ್ಮ ಕೆಲಸ ಅದರಡಿ ಬರುತ್ತಾ ಅಂತ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಬಿಲ್ಲುಗಳ ಫೋಟೋ ಫೋನಿನಲ್ಲಿ ಇರಲಿ.

ಕೊನೆಗೆ

ನಮ್ಮ ಗಾಡಿಯನ್ನು ಈಗ ಅಪ್ಪನೇ ಓಡಿಸ್ತಾರೆ. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವ ದಿನವೇ ಮುಂಭಾಗ ಎತ್ತಿ ಗ್ರೀಸ್ ಹೊಡೆದು, ಹೋಸಿನ ತುದಿಗಳನ್ನು ನೋಡ್ತೀವಿ. ಪೈಪ್ ಮೇಲೆ ಬಿರುಕು, ಉಬ್ಬು, ಜಿನುಗು ಕಂಡರೆ ಅವತ್ತೇ ಬದಲು. ಟ್ರೇಲರ್ ಮೇಲೆ ಯಾರನ್ನೂ ಕೂರಿಸಲ್ಲ.

ಈ ಭಾನುವಾರ ಬಿಡುವು ಮಾಡ್ಕೊಂಡು ಜ್ಯಾಕ್ ಎತ್ತಿ. ನಿಮ್ಮ ಗಾಡಿಗೆ ಬೇಕಾಗಿರೋದು ಕಿಟ್ಟೋ, ನಾಲ್ಕು ಸಲ ಗ್ರೀಸೋ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ.